ಮೂರ್ತಿಗೆ ಮಾಡಿದವನಿದ್ದಾನೆ, ಜಗತ್ತಿಗೆ?

ಡೊಂಬಿವಲಿ ದಡ್ಡ:
ಗಣಪತಿ ಬುಕ್ ಮಾಡಲು ಆಫೀಸಿನ ಗೆಳೆಯನ ಜೊತೆ ಪೇಣ್‌ಗೆ ಹೋಗಿದ್ದೆ. ಸಾಲಾಗಿ ನಿಲ್ಲಿಸಿದ ಮೂರ್ತಿಗಳನ್ನು ತೋರಿಸಿ ಅವನು ಅಂದ: "ಇದೇನು ತಾನಾಗೇ ಆಯ್ತಾ? ಮಾಡಿದವನೊಬ್ಬ ಇದ್ದಾನಲ್ಲ. ಹಾಗೇ ಜಗತ್ತಿಗೂ ಒಬ್ಬ ಇರಲೇಬೇಕು." ನಾನೂ ದೇವರನ್ನು ನಂಬುವವನೇ. ಆದರೂ ಈ ಮಾತಲ್ಲಿ ಎಲ್ಲೋ ಎಳೆ ತಪ್ಪಿದೆ ಅನ್ನಿಸಿತು, ಎಲ್ಲಿ ಅಂತ ಹೇಳಲು ಬರಲಿಲ್ಲ. ಓದಿಕೊಂಡವರು ಹೇಳಿ. "ನಂಬಿಕೆ ಇದ್ರೆ ಸಾಕು" ಅನ್ನುವ ಉತ್ತರ ಬೇಡ, ಅದನ್ನು ಅಮ್ಮ ಆಗಲೇ ಕೊಟ್ಟಾಗಿದೆ.

ಮಾಟುಂಗಾ ಮಾವ:
ನಿಮ್ಮ ಗೆಳೆಯರ ವಾದ ತುಂಬಾ ಹಳೆಯದು, ತಳ್ಳಿಹಾಕುವಷ್ಟು ಹಗುರವೂ ಅಲ್ಲ. ತರ್ಕಕ್ಕೆ ಹೆಸರಾದ ನ್ಯಾಯದರ್ಶನದ ಪಂಡಿತ ಉದಯನ 'ನ್ಯಾಯಕುಸುಮಾಂಜಲಿ'ಯಲ್ಲಿ ಇದನ್ನು ಬಿಗಿಯಾಗಿ ಕಟ್ಟಿದ್ದಾನೆ. ಮಡಕೆ ಹುಟ್ಟಿದ ವಸ್ತು, ಅದಕ್ಕೆ ಕುಂಬಾರ ಇದ್ದಾನೆ. ಭೂಮಿಯೂ ಬಿಡಿ ಭಾಗಗಳು ಕೂಡಿ ಆದದ್ದು, ಅದಕ್ಕೂ ತಿಳಿದು ಮಾಡಿದವನು ಬೇಕು. ಅವನ ಎದುರಿಗಿದ್ದವರು ಬೌದ್ಧರು, ವೇದದ ವಿಧಿಗಳೇ ಮುಖ್ಯ ಅನ್ನುವ ಮೀಮಾಂಸಕರು. ಸುಮ್ನೆ ತಲೆಯಾಡಿಸುವ ಪೈಕಿ ಅಲ್ಲ.

ಪುಣೆ ಪುಟ್ಟಿ:
ಮಜಾ ಏನಂದ್ರೆ, ಈ ವಾದವನ್ನು ಮುರಿದವರಲ್ಲಿ ನಮ್ಮ ಮೇಲುಕೋಟೆಯ ರಾಮಾನುಜರೂ ಇದ್ದಾರೆ! ಬೆಟ್ಟ, ಸಮುದ್ರ ಎಲ್ಲವನ್ನೂ ಒಂದೇ ಸಲ ಒಬ್ಬನೇ ಮಾಡಿದ ಅನ್ನಲು ಏನು ಆಧಾರ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಮಾಡಿರಬಾರದಾ ಅಂತ, ವೇದಾಂತದ ಮೂಲಗ್ರಂಥ ಬ್ರಹ್ಮಸೂತ್ರಕ್ಕೆ ತಾವು ಬರೆದ ವ್ಯಾಖ್ಯಾನ ಶ್ರೀಭಾಷ್ಯದಲ್ಲಿ ಕೇಳುತ್ತಾರೆ. ನಾವು ಕಂಡ ಕುಂಬಾರರಿಗೆಲ್ಲ ಮೈ ಇದೆ, ಆ ಲೆಕ್ಕಕ್ಕೆ ದೇವರಿಗೂ ನಮ್ಮಂಥದ್ದೇ ಮೈ ಬಂತು. ದೇವರು ಶಾಸ್ತ್ರದಿಂದ ತಿಳಿಯಬೇಕಾದವನು, ಊಹೆಗೆ ಸಿಗುವವನಲ್ಲ ಅನ್ನುವುದು ಅವರ ನಿಲುವು. ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್ ತೀರಿಕೊಂಡ ಮೇಲೆ 1779ರಲ್ಲಿ ಹೊರಬಂದ ಸಂವಾದದಲ್ಲೂ ಇದೇ ಪ್ರಶ್ನೆ ಇದೆ: ಮನೆ, ಹಡಗು ಕಟ್ಟಲು ಎಷ್ಟೋ ಜನ ಸೇರುತ್ತಾರೆ, ಜಗತ್ತಿಗೆ ಮಾತ್ರ ಒಬ್ಬನೇ ಯಾಕೆ? ನೀವು ಪೇಣ್‌ನಲ್ಲಿ ಸರಿಯಾಗಿ ನೋಡಿದ್ರಾ? ಅಚ್ಚು ಹಾಕುವವನು ಒಬ್ಬ, ಬಣ್ಣ ಬಳಿಯುವವನು ಇನ್ನೊಬ್ಬ, ಕಣ್ಣು ಬರೆಯಲು ಕೈ ಪಳಗಿದವನೇ ಬೇಕು. ಗೆಳೆಯರು ತೋರಿಸಿದ ಮೂರ್ತಿಯೇ ಅವರ "ಒಬ್ಬ"ನನ್ನು ಕೆಡವುತ್ತದೆ.

ಮಾಟುಂಗಾ ಮಾವ:
ಒಬ್ಬನಿರಲಿ ಹತ್ತಿರಲಿ, ಮಾಡಿದವರಿದ್ದಾರೆ ಅನ್ನುವುದು ಉಳಿಯಿತಲ್ಲ ಪುಟ್ಟಿ? ಒಬ್ಬ ಸಾಕಾದ ಕಡೆ ಹತ್ತು ಜನ ಯಾಕೆ ಅನ್ನುತ್ತಾರೆ ಉದಯನನ ಪಂಥದ ನೈಯಾಯಿಕರು.

ಬದಲಾಪುರ ಲೋಕಲ್:
ಎಷ್ಟು ಜನ ಅನ್ನುವುದು ಬಿಡಿ, ಮಾಡಿದವನು ಒಳ್ಳೆಯವನಾ? ನನ್ನನ್ನು ಕಾಡುವುದು ಅದು. 1993ರ ಸೆಪ್ಟೆಂಬರ್ 30ರ ನಸುಕಿಗೆ ಲಾತೂರಿನ ಕಿಲ್ಲಾರಿ ಕಡೆ ನೆಲ ನಡುಗಿತು. ಗಣಪತಿ ಬಿಟ್ಟು ಬಂದು ಮಲಗಿದ್ದ ಜನ ಕಲ್ಲಿನ ಗೋಡೆಗಳ ಅಡಿ ಸಿಕ್ಕಿ ಸತ್ತರು. ಬ್ರಹ್ಮಸೂತ್ರ 2.1.34ರ ಭಾಷ್ಯದಲ್ಲಿ ಶಂಕರರು ಇದಕ್ಕೆ ಕೊಡುವ ಉತ್ತರ ಗೊತ್ತು: ದೇವರು ಮಳೆಯಂತೆ ಎಲ್ಲರಿಗೂ ಒಂದೇ, ಬೆಳೆ ಮಾತ್ರ ಬೀಜದ ಮೇಲೆ, ಅಂದರೆ ಅವರವರ ಕರ್ಮ. ಮೊದಲ ಕರ್ಮ ಎಲ್ಲಿಂದ ಬಂತು ಅಂದರೆ, ಕರ್ಮಕ್ಕೆ ಆದಿಯೇ ಇಲ್ಲ ಅನ್ನುತ್ತದೆ ಮುಂದಿನ ಸೂತ್ರ. ತರ್ಕ ಸರಿ ಇರಬಹುದು. ಆದರೆ ಅಲ್ಲಿ ಮಗು ಕಳೆದುಕೊಂಡವರ ಮುಂದೆ ಇದನ್ನು ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಪುಣೆ ಪುಟ್ಟಿ:
ಕರ್ಮವನ್ನು ತಂದರೆ ಇನ್ನೊಂದು ತೊಡಕು. ಫಲ ಕೊಡುವುದು ಕರ್ಮವೇ ಆದರೆ ನಡುವೆ ದೇವರಿಗೆ ಏನು ಕೆಲಸ? ಇದನ್ನು ಕೇಳಿದವರು ವೇದ ಒಪ್ಪುವ, ಯಜ್ಞ ಮಾಡುವ ಮೀಮಾಂಸಕರೇ. ಮಾವ, ಇದಕ್ಕೆ ನಿಮ್ಮ ಉದಯನ ಏನಂತಾನೆ?