ಸಹಾಯ ಬೇಕು: ಜೊತೆಯಲ್ಲೇ ಬೆಳೆದ ಎರಡು ಗಂಡು ಮೊಲಗಳ ಕಾದಾಟ

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಸಮೀಪದ ಹಳ್ಳಿಯವರು. ಒಂದೇ ಸೂಲಿನ ಎರಡು ಗಂಡು ಮೊಲಗಳನ್ನು ಸಾಕಿದ್ದೇವೆ. ಈಗ ಅವಕ್ಕೆ 5 ತಿಂಗಳು.

ಮೊನ್ನೆ ಮೊನ್ನೆಯವರೆಗೂ ಒಂದಕ್ಕೊಂದು ಒರಗಿ ಮಲಗುತ್ತಿದ್ದ, ಕಿವಿ ನೆಕ್ಕಿಕೊಳ್ಳುತ್ತಿದ್ದ ಇವು, ಮಳೆ ಹಿಡಿದು ಅಂಗಳಕ್ಕೆ ಬಿಡಲಾಗದೆ ಜಗಲಿಯ ಗೂಡಿನಲ್ಲೇ ಉಳಿದ ಮೇಲೆ ಒಂದರ ಮೇಲೊಂದು ಏರುವುದು, ಮೂತ್ರ ಚಿಮ್ಮಿಸುವುದು, ಸುತ್ತು ಹಾಕುತ್ತ ಅಟ್ಟಿಸಿಕೊಂಡು ಹೋಗುವುದು ಶುರುವಾಯಿತು. ಕಳೆದ ಭಾನುವಾರ ಬೆಳಿಗ್ಗೆ ನೋಡಿದರೆ ಗೂಡಿನ ತುಂಬ ಬಿಳಿ ಕೂದಲಿನ ಉಂಡೆಗಳು. ಚಿಕ್ಕದರ ಕಿವಿಯ ಅಂಚು ಹರಿದಿತ್ತು, ತೊಡೆಯ ಒಳಬದಿಯಲ್ಲಿ ಹಲ್ಲಿನ ಗಾಯವಿತ್ತು. ಇಂಥ ಗಾಯ ಮೇಲೆ ಮಾಯ್ದಂತೆ ಕಂಡರೂ ಒಳಗೆ ಕೀವು ಕಟ್ಟುವುದುಂಟು. ಆದ್ದರಿಂದ ಅಂದೇ ಪಶುವೈದ್ಯರಿಗೆ ತೋರಿಸಿದೆವು.

ಪ್ರಾಯಕ್ಕೆ ಬಂದ ಗಂಡು ಮೊಲಗಳು ಹೀಗೆ ಕಾದಾಡುವುದು ಸಹಜವೆಂದೂ, ಎರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಹಾರ್ಮೋನು ಇಳಿಯಲು 4ರಿಂದ 6 ವಾರ ಕಾದು, ಅನಂತರ ಎರಡಕ್ಕೂ ಹೊಸದಾದ ಜಾಗದಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಒಟ್ಟಿಗೆ ಬಿಡಬೇಕೆಂದೂ ತಿಳಿದುಕೊಂಡಿದ್ದೇನೆ. ಸದ್ಯಕ್ಕೆ ಗೂಡುಗಳನ್ನು ಬೇರೆ ಮಾಡಿ, ಜಾಲರಿಯ ಮೂಲಕ ಕಚ್ಚದಂತೆ ನಡುವೆ ಒಂದು ಗೇಣು ಅಂತರ ಬಿಟ್ಟು, ಒಂದಕ್ಕೊಂದು ಕಾಣುವಂತೆ ಇಟ್ಟಿದ್ದೇವೆ. ದೊಡ್ಡದು ಈಗಲೂ ಜಾಲರಿಗೆ ಮೂಗು ಒತ್ತಿಕೊಂಡು ಕೂರುತ್ತದೆ, ನೋಡಿದರೆ ಸಂಕಟವಾಗುತ್ತದೆ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಸುತ್ತ ಮೊಲಗಳಿಗೆ ಅರಿವಳಿಕೆ ಕೊಟ್ಟು ಅನುಭವವಿರುವ ವೈದ್ಯರು ಯಾರಿದ್ದಾರೆ? ಮೊಲ ವಾಂತಿ ಮಾಡದ ಪ್ರಾಣಿಯಾದ್ದರಿಂದ ಅದನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಉಪವಾಸ ಕೆಡವಬಾರದು ಎಂಬುದನ್ನು ಬಲ್ಲವರೇ ಆಗಬೇಕು. ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ಮಾಡಿಸಿದವರಿದ್ದರೆ ದಯವಿಟ್ಟು ತಿಳಿಸಿ. ರಕ್ತ ಬರುವಷ್ಟು ಕಾದಾಡಿದ ಗಂಡು ಜೋಡಿಯನ್ನು ಮತ್ತೆ ಒಂದೇ ಗೂಡಿಗೆ ತಂದವರು, ಎಷ್ಟು ದಿನ ಹಿಡಿಯಿತು, ಮೊದಲು ಎಲ್ಲಿ ಬಿಟ್ಟಿರಿ ಎಂಬುದನ್ನು ವಿವರವಾಗಿ ಬರೆದರೆ ತುಂಬ ಉಪಕಾರವಾಗುತ್ತದೆ.