‘ಮೇಲ್ಮನವಿ’ಯಲ್ಲಿ ಮೇಲಿರುವವರು ಯಾರು?

ಸಭಾ ನಡವಳಿಯ ನಿಯಮಗಳನ್ನು ಕನ್ನಡಕ್ಕೆ ತರುತ್ತಾ ಒಂದು ವಾಕ್ಯದಲ್ಲಿ ಸಿಕ್ಕಿಕೊಂಡಿದ್ದೇನೆ. ಸದಸ್ಯರೊಬ್ಬರು ಕ್ರಿಯಾಲೋಪ (ಸಭೆ ನಿಯಮದಂತೆ ನಡೆಯುತ್ತಿಲ್ಲ ಎಂಬ ಆಕ್ಷೇಪ) ಎತ್ತುತ್ತಾರೆ, ಅಧ್ಯಕ್ಷರು ರೂಲಿಂಗ್, ಅಂದರೆ ಅದರ ಮೇಲೆ ತಮ್ಮ ತೀರ್ಪು, ಕೊಡುತ್ತಾರೆ. ಒಪ್ಪದವರು ಅದರ ವಿರುದ್ಧ ಅಪೀಲು ಹೋಗಬಹುದು. 1876ರಲ್ಲಿ ಮೊದಲು ಅಚ್ಚಾದ ಅಮೆರಿಕದ ಹೆನ್ರಿ ರಾಬರ್ಟ್ ಅವರ ಸಭಾ ನಿಯಮಗಳಲ್ಲಿ, ಇನ್ನೊಬ್ಬರು ಅನುಮೋದಿಸಿದರೆ ಅದು ಸಭೆಯ ಮುಂದೆ ಬರುತ್ತದೆ.

ನಿಘಂಟು ‘ಮೇಲ್ಮನವಿ’ ಎನ್ನುತ್ತದೆ. ಆದರೆ ಇಲ್ಲಿ ಮೇಲಿನ ನ್ಯಾಯಾಲಯವೇ ಇಲ್ಲ! ಪೀಠದಲ್ಲಿ ಕುಳಿತವರ ಮಾತನ್ನು ಕೆಳಗೆ ಕುಳಿತವರೇ ತೂಗುತ್ತಾರೆ. ‘ಸಭೆಯ ಮೊರೆಹೋಗುವುದು’ ಎಂದು ಬರೆದು ನೋಡಿದೆ. ಅರ್ಥ ಸರಿ, ಆದರೆ ದೇವಸ್ಥಾನದ ವಾಸನೆ ಹೋಗುವುದಿಲ್ಲ.

ರೂಲಿಂಗ್ ಅನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ‘ನಿರ್ಣಯ’ ಎಂದರೆ ‘ಅಧ್ಯಕ್ಷರ ನಿರ್ಣಯವನ್ನು ತಳ್ಳಿಹಾಕುವ ನಿರ್ಣಯ’ ಎಂದು ಬರೆಯಬೇಕಾಗುತ್ತದೆ.

ನಿಜವಾದ ತೊಡಕು ಮತಕ್ಕೆ ಹಾಕುವ ಪ್ರಶ್ನೆಯಲ್ಲಿದೆ. ‘ಅಧ್ಯಕ್ಷರ ರೂಲಿಂಗ್ ನಿಲ್ಲಬೇಕೇ?’ ಎಂದರೆ ಉಳಿಯಬೇಕೇ ಎಂದೂ ಆಗುತ್ತದೆ, ಕೊನೆಗೊಳ್ಳಬೇಕೇ ಎಂದೂ ಆಗುತ್ತದೆ. ‘ಹೌದು’ ಎಂದು ಕೈ ಎತ್ತಿದವರು ಯಾವ ಕಡೆಯವರು? 2013ರ ನವೆಂಬರಿನಲ್ಲಿ ಅಮೆರಿಕದ ಸೆನೆಟ್ ಇದೇ ಪ್ರಶ್ನೆಯ ಮೇಲೆ ಮತ ಹಾಕಿತು: ಹೌದು 48, ಇಲ್ಲ 52. ರೂಲಿಂಗ್ ಬಿತ್ತು, ಬಹುಪಾಲು ನೇಮಕಾತಿಗಳ ಚರ್ಚೆ ಮುಗಿಸಲು ಸರಳ ಬಹುಮತ ಸಾಕೆಂದಾಯಿತು. ಅಷ್ಟು ದೊಡ್ಡ ಫಲ ಒಂದು ಕ್ರಿಯಾಪದದ ಮೇಲೆ ನಿಂತಿರುವಾಗ ದ್ವಂದ್ವಾರ್ಥ ಇರಕೂಡದು.

‘ಎತ್ತಿಹಿಡಿಯಬೇಕೇ?’ ಎಂದರೆ ಗೊಂದಲವಿಲ್ಲ. ಆದರೆ ಮತಗಳು ಸಮಸಮವಾದರೆ ರಾಬರ್ಟ್ ನಿಯಮದಂತೆ ರೂಲಿಂಗ್ ಉಳಿಯುತ್ತದೆ. ಎತ್ತಿಹಿಡಿಯಲು ಬಹುಮತ ಬೇಕು ಎಂಬ ಧ್ವನಿ ಆ ಕ್ರಿಯಾಪದದಲ್ಲಿದೆ. ಇಲ್ಲಿ ಬಹುಮತ ಬೇಕಾಗಿರುವುದು ಕೆಡವಲು. ಸದ್ಯಕ್ಕೆ ‘ಊರ್ಜಿತವಾಗಿ ಉಳಿಯಬೇಕೇ?’ ಎಂದು ಇಟ್ಟಿದ್ದೇನೆ. ಕಂದಾಯ ಇಲಾಖೆಯ ಕಾಗದದಂತೆ ಕೇಳುತ್ತದೆ, ನಿಜ.

ನಮ್ಮಲ್ಲಿ ಇದಕ್ಕೆ ಮಾತು ಬೆಳೆಯದಿರಲು ಕಾರಣ ಸ್ಪಷ್ಟ ಎನಿಸುತ್ತದೆ. ಭಾರತದ ಶಾಸನಸಭೆಗಳಲ್ಲಿ ಸಭಾಧ್ಯಕ್ಷರ ರೂಲಿಂಗ್ ವಿರುದ್ಧ ಸದನದಲ್ಲಿ ಅಪೀಲಿಲ್ಲ; ವಿಧಾನಸಭೆಯಲ್ಲಿ ಅವರನ್ನೇ ಇಳಿಸಬೇಕೆಂದರೆ ಸಂವಿಧಾನದ 179ನೇ ವಿಧಿಯಂತೆ 14 ದಿನಗಳ ನೋಟಿಸ್ ಕೊಟ್ಟು ಗೊತ್ತುವಳಿ ತರಬೇಕು. ಕೆನಡಾದ ಕಾಮನ್ಸ್ ಸಭೆಯೂ 1965ರಲ್ಲಿ ಅಪೀಲನ್ನು ತೆಗೆದುಹಾಕಿತು.

‘ಮೇಲ್ಮನವಿ’ಗೆ ಬದಲು ‘ಸಭೆಗೆ ಒಪ್ಪಿಸುವುದು’ ಸಾಕೇ? ಅಥವಾ ಅದರಲ್ಲಿ ಜಗಳದ ಕಾವು ತೀರ ಆರಿಹೋಗುತ್ತದೆಯೇ?