ಚಾಸಿಗೆ ಪಟ್ಟಿ ಹಾಕಿಸಿದ ಮೇಲೆ ಲೋಡ್ ಸೆಲ್ ತೂಕ ಕಡಿಮೆ ತೋರಿಸುತ್ತಿದೆ

ಹತ್ತುಚಕ್ರ:
ಎಲ್ಲರಿಗೂ ನಮಸ್ಕಾರ. ನಮ್ಮ ಟಿಪ್ಪರ್‌ನ ಸಬ್‌ಫ್ರೇಮ್ (ತೊಟ್ಟಿಯನ್ನು ಹೊರುವ ಮೇಲಿನ ಚೌಕಟ್ಟು) ಮತ್ತು ಚಾಸಿಯ ನಡುವೆ ಭಾರವನ್ನು ವಿದ್ಯುತ್ ಸಿಗ್ನಲ್ ಆಗಿ ಬದಲಿಸುವ, 10 ಟನ್ ಸಾಮರ್ಥ್ಯದ ನಾಲ್ಕು ಲೋಡ್ ಸೆಲ್‌ಗಳಿವೆ. ಅವುಗಳ ಬ್ರಾಕೆಟ್‌ಗಳನ್ನು ಚಾಸಿಯ ನಿಂತ ಮುಖಕ್ಕೆ ಬೋಲ್ಟ್ ಮಾಡಲಾಗಿದೆ. ಮೊದಲು ತೂಕ ಚೆನ್ನಾಗಿ ಹೊಂದುತ್ತಿತ್ತು. ಚಾಸಿ ಗಟ್ಟಿಯಾಗಲಿ ಎಂದು ಎರಡೂ ಬದಿಗೆ 8 ಮಿ.ಮೀ. ದಪ್ಪದ ಎಲ್ ಆಕಾರದ ಪಟ್ಟಿ ಹಾಕಿಸಿದ ಮೇಲೆ ತೊಂದರೆ ಶುರುವಾಗಿದೆ. ಖಾಲಿ ಇದ್ದಾಗ ಸೊನ್ನೆ ಸರಿಯಾಗಿದೆ, ಅರ್ಧ ಲೋಡ್‌ವರೆಗೂ ಸರಿ. ಆಮೇಲೆ ಅಂಕಿ ಹಿಂದೆ ಬೀಳುತ್ತದೆ. ವೇಬ್ರಿಡ್ಜ್‌ನಲ್ಲಿ 16,400 ಕಿಲೋ ಜಲ್ಲಿ ಬಂದರೆ ನಮ್ಮ ಡಿಸ್‌ಪ್ಲೇಯಲ್ಲಿ 15,100. ಸೆಲ್ ಕೂರಿಸಿದವರು ಸ್ಪ್ಯಾನ್ (ಸಿಗ್ನಲ್ ಅನ್ನು ಕಿಲೋಗೆ ಬದಲಿಸುವ ಗುಣಾಂಕ) ಏರಿಸಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಚಾಸಿಮೇಸ್ತ್ರಿ:
ದಯವಿಟ್ಟು ಒಪ್ಪಬೇಡಿ. ಸ್ಪ್ಯಾನ್ ತಪ್ಪಿದ್ದರೆ ಕಡಿಮೆ ಲೋಡ್‌ನಲ್ಲೂ ಅದೇ ಶೇಕಡಾವಾರು ತಪ್ಪು ಕಾಣಬೇಕಿತ್ತು. ಸೊನ್ನೆ ಸರಿದಿದ್ದರೆ ಎಲ್ಲ ಲೋಡ್‌ನಲ್ಲೂ ಅಷ್ಟೇ ಕಿಲೋ ವ್ಯತ್ಯಾಸ ಬರುತ್ತಿತ್ತು. ನಿಮ್ಮಲ್ಲಿ ಅರ್ಧದ ತನಕ ಸರಿಯಿದ್ದು ಅಲ್ಲಿಂದಾಚೆಗೆ ತೂಕ ಸೋರುತ್ತಿದೆ. ಅಂದರೆ ಸಬ್‌ಫ್ರೇಮ್ ಎಲ್ಲೋ ಚಾಸಿಯನ್ನು ಮುಟ್ಟುತ್ತಿದೆ. ಅಲ್ಲಿ ಇಳಿದ ಭಾರ ಸೆಲ್‌ಗಳನ್ನು ಹಾದುಹೋಗುವುದೇ ಇಲ್ಲ. ಈಗ ಸ್ಪ್ಯಾನ್ ಏರಿಸಿದರೆ ಪೂರ್ತಿ ಲೋಡ್‌ನಲ್ಲಿ ಹೊಂದಿದಂತೆ ಕಂಡು, ಅರ್ಧ ಲೋಡ್‌ನಲ್ಲಿ ಹೆಚ್ಚು ತೋರಿಸುತ್ತದೆ.

ಎಲ್ ಪಟ್ಟಿಯ ಅಡ್ಡ ಮಡಿಕೆ ಚಾಸಿಯ ಮೇಲಿನ ಫ್ಲ್ಯಾಂಜ್ (ಅಡ್ಡ ಅಂಚು) ಮೇಲೆ ಕೂತಿದ್ದರೆ ಸಬ್‌ಫ್ರೇಮ್‌ಗೆ ಇದ್ದ ಸಂದಿಯಲ್ಲಿ 8 ಮಿ.ಮೀ. ಅಲ್ಲೇ ಹೋಯಿತು. ಖಾಲಿಯಿದ್ದಾಗ ಕೂದಲೆಳೆಯಷ್ಟು ಜಾಗ ಉಳಿದಿರುತ್ತದೆ, ಜಲ್ಲಿ ಬಿದ್ದಂತೆ ಸಬ್‌ಫ್ರೇಮ್ ಬಾಗಿ ಕೂರುತ್ತದೆ. ಲೋಡ್ ಹಾಕಿ, ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ತೆಳುವಾದ ತಗಡಿನ ಪಟ್ಟಿಯನ್ನು ಆ ಸಂದಿಯಲ್ಲಿ ಉದ್ದಕ್ಕೂ ಎಳೆದು ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಬಣ್ಣ ಕಿತ್ತು ಕಬ್ಬಿಣ ಹೊಳೆಯುತ್ತಿರಬೇಕು. ಹಳೆಯ ಯು ಬೋಲ್ಟ್ ಯಾವುದಾದರೂ ಬಿಗಿಯಾಗಿ ಉಳಿದಿದೆಯೇ, ಹೈಡ್ರಾಲಿಕ್ ಸಿಲಿಂಡರ್‌ನ ಬುಡ ಚಾಸಿಗೆ ಸೇರಿದೆಯೇ ಎಂಬುದನ್ನೂ ನೋಡಿ. ಬುಡ ಚಾಸಿಯಲ್ಲಿದ್ದು ಒಳಗೆ ಎಣ್ಣೆಯ ಒತ್ತಡ ಉಳಿದಿದ್ದರೆ ಸಿಲಿಂಡರೇ ಒಂದಿಷ್ಟು ಭಾರ ಹೊರುತ್ತದೆ.

ಮಿಲಿವೋಲ್ಟ್:
ಮೇಸ್ತ್ರಿಯವರು ಹೇಳಿದ್ದು ಸರಿ. ಪಟ್ಟಿಗೆ ವೆಲ್ಡಿಂಗ್ ಮಾಡಿದ್ದರೆ ಸೆಲ್‌ಗಳನ್ನೂ ಒಮ್ಮೆ ಪರೀಕ್ಷಿಸಿ. ವೆಲ್ಡಿಂಗ್ ಕರೆಂಟ್ ಸೆಲ್‌ನ ಮೂಲಕ ಹರಿದರೆ ಅದು ಹಾಳಾಗುತ್ತದೆ. ಸೆಲ್‌ಗಳ ವೈರ್ ಸೇರುವ ಜಂಕ್ಷನ್ ಬಾಕ್ಸ್‌ನಲ್ಲಿ ಒಂದೊಂದೇ ಸೆಲ್ ಬಿಚ್ಚಿ ಸಿಗ್ನಲ್ ತಂತಿಗಳ ನಡುವೆ ಅಳೆಯಿರಿ. ಸಾಮಾನ್ಯ ಸೆಲ್ ಆದರೆ ಸುಮಾರು 350 ಓಮ್ ಬರಬೇಕು. ಆಮೇಲೆ ಗಾಡಿ ಲೋಡ್ ಆಗುತ್ತಿರುವಾಗ ಪ್ರತಿ ಸೆಲ್‌ನ ಮಿಲಿವೋಲ್ಟ್ ಬರೆದುಕೊಳ್ಳಿ. ಪ್ರತಿ ವೋಲ್ಟಿಗೆ 2 ಮಿಲಿವೋಲ್ಟ್ ಕೊಡುವ ಸೆಲ್‌ಗೆ 10 ವೋಲ್ಟ್ ಕೊಟ್ಟಿದ್ದರೆ ಪೂರ್ಣ ಸಾಮರ್ಥ್ಯದಲ್ಲಿ 20 ಮಿಲಿವೋಲ್ಟ್. ಯಾವುದು ನಡುವೆ ಏರುವುದನ್ನು ನಿಲ್ಲಿಸುತ್ತದೋ ಅದರ ಸುತ್ತಲೇ ಮುಟ್ಟುವ ಜಾಗ ಹುಡುಕಿ.

ಹತ್ತುಚಕ್ರ:
ಸಿಕ್ಕಿತು! ನಾಲ್ಕೂ ಸೆಲ್‌ಗಳ ಓಮ್ ಸರಿಯಾಗಿದೆ. ಎಡಗಡೆ ಹಿಂದಿನ ಸೆಲ್ ಮಾತ್ರ ಅರ್ಧ ಲೋಡ್ ದಾಟಿದ ಮೇಲೆ ಏರುವುದಿಲ್ಲ. ಅದರ ಮುಂದೆ ಒಂದು ಗೇಣು ದೂರದಲ್ಲಿ ತಗಡು ಸಿಕ್ಕಿಕೊಂಡಿತು, ಪಟ್ಟಿಯ ಮಡಿಕೆ ಅಲ್ಲಿ ಉಜ್ಜಿ ಬೆಳ್ಳಗಾಗಿದೆ. ಜೊತೆಗೆ ಇನ್ನೊಂದು ಚಿಂತೆ: ಕ್ಯಾಬಿನ್ ಹಿಂದೆ ಪಟ್ಟಿ ಮುಗಿಯುವ ಕಡೆ ಚಾಸಿಯ ಕೆಳ ಫ್ಲ್ಯಾಂಜ್‌ನಲ್ಲಿ ಸಣ್ಣ ಬಿರುಕು ಕಾಣುತ್ತಿದೆ.

ಚಾಸಿಮೇಸ್ತ್ರಿ:
ಹಾಗಾದರೆ ತೂಕದ ಮಾತು ಆಮೇಲೆ. ಬಿರುಕು ರಿಪೇರಿಯಾಗುವವರೆಗೆ ಲೋಡ್ ಹಾಕಲೇಬೇಡಿ.

ಪಟ್ಟಿಯ ತುದಿಯನ್ನು ನೇರವಾಗಿ ಕತ್ತರಿಸಿದ್ದಾರೆ ಎಂದು ನನ್ನ ಊಹೆ. ಅಲ್ಲಿಯವರೆಗೆ ಗಟ್ಟಿಯಾದ ಚಾಸಿ ಆ ಗೆರೆಯಲ್ಲಿ ಒಮ್ಮೆಲೇ ಮೆತ್ತಗಾಗುತ್ತದೆ, ಬಾಗುವ ಒತ್ತಡವೆಲ್ಲ ಅಲ್ಲೇ ಸೇರುತ್ತದೆ. ಗಟ್ಟಿ ಮಾಡಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಬಹಳ ಚಾಸಿಗಳನ್ನು ಸೀಳಿದೆ. ಲಾರಿಯ ಚಾಸಿ ಸ್ವಲ್ಪ ತಿರುಚಿಕೊಳ್ಳುವಂತೆಯೇ ಮಾಡಿರುತ್ತಾರೆ. ಪಟ್ಟಿಯ ತುದಿ ಓರೆಯಾಗಿ ಕಿರಿದಾಗುತ್ತಾ ಹೋಗಬೇಕು. ಸಬ್‌ಫ್ರೇಮ್‌ನ ಮುಂತುದಿ ಮತ್ತು ಪಟ್ಟಿಯ ತುದಿ ಒಂದೇ ಗೆರೆಯಲ್ಲಿ ನಿಲ್ಲಬಾರದು, ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗ್ ಅನ್ನು ಚಾಸಿಗೆ ಹಿಡಿಸುವ ಬ್ರಾಕೆಟ್) ಪಕ್ಕದಲ್ಲೂ ಮುಗಿಯಬಾರದು. ಬೋಲ್ಟ್‌ಗಳೆಲ್ಲ ನಿಂತ ಮುಖಕ್ಕೆ, ಮೇಲೆ ಕೆಳಗೆ ಸರದಿಯಾಗಿ. ಬಾಗುವ ಒತ್ತಡ ಅತಿ ಹೆಚ್ಚಿರುವುದು ಫ್ಲ್ಯಾಂಜ್‌ನಲ್ಲಿ, ಅಲ್ಲಿ ತೂತು ಬೇಡ.

ಬಿರುಕಿನ ತುದಿಗೆ ತೂತು ಕೊರೆಯುವುದು ತಾತ್ಕಾಲಿಕ ತಡೆ ಅಷ್ಟೇ. ನಿಮ್ಮ ಚಾಸಿ ಹೀಟ್ ಟ್ರೀಟ್ ಆದ (ಕಾಯಿಸಿ ತಣಿಸಿ ಗಟ್ಟಿ ಮಾಡಿದ) ಉಕ್ಕಿನದೇ ಎಂದು ತಯಾರಕರ ಬಾಡಿ ಕಟ್ಟುವ ಕೈಪಿಡಿಯಲ್ಲಿ ಮೊದಲು ನೋಡಿ. ಹೌದಾದರೆ ವೆಲ್ಡಿಂಗ್ ಬಿಸಿಗೆ ಸುತ್ತಲಿನ ಉಕ್ಕಿನ ಬಲ ಕುಗ್ಗುತ್ತದೆ, ಅವರು ಹೇಳಿದ ಕ್ರಮ ಬಿಟ್ಟು ಯಾರೂ ಟಾರ್ಚ್ ಹಚ್ಚಬಾರದು. ವೆಲ್ಡಿಂಗ್‌ಗೆ ಅನುಮತಿ ಇದ್ದರೆ ಬ್ಯಾಟರಿ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮತ್ತು ಸೆಲ್‌ಗಳ ವೈರ್ ಬಿಚ್ಚಿ, ಅರ್ತ್ ಕ್ಲಾಂಪ್ ಅನ್ನು ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಹಿಡಿಸಿ.

ಹತ್ತುಚಕ್ರ:
ಸಂದಿಗೆ ಏನು ಮಾಡಲಿ? ಮಡಿಕೆಯನ್ನು ಗ್ರೈಂಡ್ ಮಾಡಿ ತೆಗೆದರೆ ಸಾಕೇ?

ಚಾಸಿಮೇಸ್ತ್ರಿ:
ಬೇಡ, ಗ್ರೈಂಡರ್ ಜಾರಿ ಫ್ಲ್ಯಾಂಜ್ ಗೀಚಿದರೆ ಅಲ್ಲೇ ಹೊಸ ಬಿರುಕು ಹುಟ್ಟುತ್ತದೆ. ಎಲ್ ಪಟ್ಟಿಯನ್ನು ಬಿಚ್ಚಿಸಿ, ಚಾಸಿಯ ಒಳಗೆ ಅಚ್ಚುಕಟ್ಟಾಗಿ ಕೂರುವ ಸಿ ಆಕಾರದ ಲೈನರ್ ಹಾಕಿಸುವುದು ನನ್ನ ಆಯ್ಕೆ. ಮೇಲಿನ ಸಂದಿ ಹಾಗೆಯೇ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಖಾಲಿ, ಅರ್ಧ, ಪೂರ್ತಿ ಲೋಡ್ ಮೂರರಲ್ಲೂ ವೇಬ್ರಿಡ್ಜ್ ಜೊತೆ ಹೋಲಿಸಿ. ಅರ್ಧ ಲೋಡ್‌ನಲ್ಲಿ ಕ್ಯಾಲಿಬ್ರೇಷನ್ ಮಾಡಿ, ಪೂರ್ತಿ ಲೋಡ್‌ನ ಅಂಕಿ ತಾನಾಗಿಯೇ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಡಿಸ್‌ಪ್ಲೇ ಮುಟ್ಟದೆ ತಗಡಿನ ಪಟ್ಟಿಯನ್ನು ಮತ್ತೆ ಎಳೆಯಿರಿ.